ಮಮದಾಪುರಕ್ಕೆ ಬರಲು ಎಷ್ಟು ತಾಸು?

2023ರ ಜನವರಿ. ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೆ. ಗೋಕಾಕದ ಕರದಂಟು, ಶೇಂಗಾ ಚಟ್ನಿ, ಕಟಕ ರೊಟ್ಟಿ ಎಲ್ಲ ಚೀಲ ಸೇರಿದ್ದವು. ಎಂಬತ್ತು ದಾಟಿದ ನನ್ನ ಅವ್ವ ಮಾತ್ರ ಸುಮ್ಮನೆ ಕೂತಿದ್ದಳು. ಕಡೆಗೆ ಕೇಳಿಯೇ ಬಿಟ್ಟಳು: “ನನಗೇನರ ಆದ್ರ ನೀ ಎಷ್ಟೊತ್ತಿಗೆ ಬಂದ್ ಮುಟ್ತಿ?”

ನನಗೆ ಉತ್ತರ ಹೊಳೆಯಲಿಲ್ಲ. ತಮ್ಮನ ಮಗ ಓಡಿಹೋಗಿ ಗ್ಲೋಬ್ ತಂದ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ದಾರ ಹಿಡಿದು ಬಿಗಿಯಾಗಿ ಎಳೆದೆವು. “ಅತ್ತಿ, ದಾರ ಮ್ಯಾಲ ಹೊಂಟೈತಿ!” ಎಂದು ಕೂಗಿದ. ಹೌದು, ಅತಿ ಹತ್ತಿರದ ದಾರಿ ಉತ್ತರ ಧ್ರುವದ ಸಮೀಪ ಹಾಯುತ್ತದೆ. ಉದ್ದ ಸುಮಾರು 14,000 ಕಿಲೋಮೀಟರ್. ಅಂದರೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು!

2021ರ ಜನವರಿಯಲ್ಲಿ ಈ ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಧ್ರುವದ ದಾರಿಯಲ್ಲೇ ಅದನ್ನು ಬೆಂಗಳೂರಿಗೆ ತಂದಿದ್ದರು.

“ಅವ್ವಾ, ಎರಡ್ ದಿನದಾಗ ಬರ್ತೀನಿ” ಎಂದೆ. “ಹಂಗಾರ ಎರಡ್ ದಿನ ಕಾಯ್ತೀನಿ, ತಗೊ” ಎಂದಳು.

ನನ್ನ ವಿಮಾನ ಮಾತ್ರ ಪೂರ್ವಕ್ಕೆ ಹಾರಿ ಶಾಂತಸಾಗರ ದಾಟಿತು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಹಿಂದಿನಿಂದ ತಳ್ಳುವುದರಿಂದ, ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. ಮಧ್ಯಾಹ್ನ ಬೆಂಗಳೂರು ಬಿಟ್ಟೆವು. ಕತ್ತಲಾಯಿತು, ಬೆಳಗಾಯಿತು. ಸುಮಾರು 16 ತಾಸಿನ ಮೇಲೆ ಇಳಿದರೆ ಅಲ್ಲಿ ಅದೇ ತಾರೀಖಿನ ಸಂಜೆ! ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ನಡುವೆ ಸಾಗರದ ಮೇಲೆ ದಿನಾಂಕ ರೇಖೆ ದಾಟಿದ್ದೆವು.

ಮೂರು ತಿಂಗಳು ಮೊಮ್ಮಗಳನ್ನು ಆಡಿಸಿದೆ. ಆದರೆ ಫೋನು ಬಾರಿಸಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು.

ಮರಳುವಾಗ ಪುಟ್ಟ ವಹಿಯಲ್ಲಿ ಲೆಕ್ಕ ಬರೆದೆ. ಮಗಳ ಮನೆಯಿಂದ ವಿಮಾನ ಏಳುವವರೆಗೆ 5 ತಾಸು. ಆಕಾಶದಲ್ಲಿ 17. ಬೆಂಗಳೂರಿನಲ್ಲಿ ರಾತ್ರಿ ಬಸ್ಸಿಗೆ ಕಾದದ್ದು 10. ಗೋಕಾಕದವರೆಗೆ 12. ಅಲ್ಲಿಂದ ಊರಿಗೆ 1. ಒಟ್ಟು 45. ಭೂಮಿಯ ಆ ಬದಿಯಿಂದ ಈ ಬದಿಗೆ ಬರಲು ಹಿಡಿದದ್ದಕ್ಕಿಂತ, ಕಾಯುವುದಕ್ಕೂ ನೆಲದ ಮೇಲಿನ ಓಡಾಟಕ್ಕೂ ಹೆಚ್ಚು ಹೊತ್ತು ಹೋಗಿತ್ತು!

ಅವ್ವ ಕಟ್ಟೆಯ ಮೇಲೆ ಕೂತಿದ್ದಳು.

“ಎಷ್ಟ್ ತಾಸಾತು?”

“ನಲವತ್ತೈದು, ಅವ್ವಾ.”

ಬೆರಳು ಮಡಚಿ ಎಣಿಸಿ ನಕ್ಕಳು. “ಎರಡ್ ದಿನ ಅಂದಿದ್ದಿ. ಮೂರ್ ತಾಸು ಮೊದಲ ಬಂದಿ ನೋಡು!”