ನೆಲದೊಳಗಿನ ಕೃಷ್ಣಾ

ಹೊಳೆದಂಡೆಯ ಜುಗೂಳ ಎಂಬ ಊರಿನ ನಮಗೆ ಕೃಷ್ಣಾ ಎಂದರೆ ಹೊಳಿ. ಕಬ್ಬಿಗೆ ನೀರುಣಿಸಿದವಳೂ ಅವಳೇ, 2005ರಲ್ಲಿ, 2019ರಲ್ಲಿ ಉಕ್ಕಿ ಬಂದು ಮನೆ ಬಿಡಿಸಿದವಳೂ ಅವಳೇ. ಬೆಂಗಳೂರಿನ ‘ನಮ್ಮ ಮೆಟ್ರೊ’ದವರು ಚಿಕ್ಕಪೇಟೆಯಿಂದ ಮೆಜೆಸ್ಟಿಕ್ಕಿಗೆ ಸುರಂಗ ಕೊರೆದ ಯಂತ್ರಕ್ಕೆ ಅವಳ ಹೆಸರಿಟ್ಟಿದ್ದರೆಂದು ತಿಳಿದಾಗ ಮನಸ್ಸು ಅರಳಿತು. ಜೊತೆಗಿದ್ದ ಯಂತ್ರದ ಹೆಸರು ಕಾವೇರಿ. ಉತ್ತರದ ಹೊಳೆ, ದಕ್ಷಿಣದ ಹೊಳೆ ಎರಡೂ ರಾಜಧಾನಿಯ ಒಡಲಲ್ಲಿ ಅಕ್ಕಪಕ್ಕ ದಾರಿ ಮಾಡಿದವು.

ಆ ದಾರಿ ಸಲೀಸಾಗಿರಲಿಲ್ಲ. ಬೆಂಗಳೂರಿನ ನೆಲ ಒಂದೇ ಗುಣದ್ದಲ್ಲ. ಒಂದೆಡೆ ಗಟ್ಟಿ ಬಂಡೆ, ಅದರ ಮಗ್ಗುಲಲ್ಲೇ ಕೊಳೆತು ಮಣ್ಣಾದ ಕಲ್ಲು. ಯಂತ್ರದ ಮುಖದ ಅರ್ಧಕ್ಕೆ ಬಂಡೆ, ಅರ್ಧಕ್ಕೆ ಮೆದುಮಣ್ಣು ಸಿಕ್ಕರೆ ಉಕ್ಕಿನ ಕಟರ್‌ಗಳು ಬೇಗ ಸವೆಯುತ್ತವೆ, ಕೆಲಸ ನಿಧಾನವಾಗುತ್ತದೆ. ಮೇಲೆ ಚಿಕ್ಕಪೇಟೆಯ ಹಳೆಯ ಕಟ್ಟಡಗಳು, ಸೀರೆ ಅಂಗಡಿಗಳ ಗದ್ದಲ. ಕೆಳಗೆ ಒಂದಿಷ್ಟು ಮಣ್ಣು ಜರಿದರೂ ಮೇಲಿನ ಗೋಡೆ ಬಿರಿಯುವ ಭಯ.

ಈ ಭಯಕ್ಕೆ ಯಂತ್ರ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಮುಂದೆ ದೊಡ್ಡ ಚಕ್ರ ತಿರುಗಿ ಕಲ್ಲು ಅರೆಯುತ್ತದೆ. ಹಿಂದೆ ಉಕ್ಕಿನ ಕವಚದ ಆಸರೆಯಲ್ಲಿ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಬಳೆ ಕಟ್ಟುತ್ತಾರೆ. ಬಳೆಗೂ ನೆಲಕ್ಕೂ ನಡುವಿನ ಸಂದಿಗೆ ಸಿಮೆಂಟಿನ ಗಾರೆ ತುಂಬುತ್ತಾರೆ. ಆಮೇಲೆ ಯಂತ್ರ ತಾನೇ ಕಟ್ಟಿದ ಆ ಬಳೆಗೆ ಜಾಕುಗಳನ್ನು ಊರಿ, ಅದನ್ನೇ ಒದ್ದು ಮುಂದೆ ಸರಿಯುತ್ತದೆ. ನಮ್ಮ ಎರೆಭೂಮಿಯಲ್ಲಿ ಬಾವಿ ತೋಡಿ ಒಳಗೋಡೆ ಕಟ್ಟದೆ ಬಿಟ್ಟರೆ ಮಳೆಗಾಲಕ್ಕೆ ಕುಸಿದಿರುತ್ತದೆ. ಇಲ್ಲಿಯೂ ಅದೇ ನ್ಯಾಯ. ತೋಡಿದಷ್ಟನ್ನು ಕಟ್ಟಿಕೊಳ್ಳದೆ ಮುಂದಿನ ಹೆಜ್ಜೆಯಿಲ್ಲ.

2016ರಲ್ಲಿ ಕೃಷ್ಣಾ ಮೆಜೆಸ್ಟಿಕ್ಕಿನಲ್ಲಿ ಹೊರಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಕಬ್ಬನ್ ಪಾರ್ಕ್ ಕಡೆಯಿಂದ ಬರುವ ನೇರಳೆ ಮಾರ್ಗದ ಸುರಂಗ ತೆರೆದಿತ್ತು. ದಕ್ಷಿಣ ಭಾರತದ ಮೊದಲ ನೆಲದಡಿ ಮೆಟ್ರೊ ಅದು. ಕೃಷ್ಣಾ, ಕಾವೇರಿ ಕೊರೆದ ಹಸಿರು ಮಾರ್ಗದ ಸುರಂಗದಲ್ಲಿ ಜನ ಓಡಾಡತೊಡಗಿದ್ದು 2017ರ ಜೂನ್‌ನಲ್ಲಿ.

ಚಿಕ್ಕಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ರೈಲಿಗಿಂತ ಮೊದಲು ಗಾಳಿ ಬರುತ್ತದೆ. ಸುರಂಗದ ಗಾಳಿಯನ್ನು ರೈಲು ಮುಂದೆ ನೂಕಿಕೊಂಡು ಬರುವುದರಿಂದ ಹೆಂಗಸರ ಸೆರಗು ಹಾರುತ್ತದೆ, ಆಮೇಲೆ ದೀಪ ಕಾಣುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿಯಿಲ್ಲ. ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ತಂತಿಗೆ ಜಾಗ ಬೇಡವಾದ್ದರಿಂದ ಸುರಂಗ ಅಷ್ಟು ಎತ್ತರ ಇರಬೇಕಿಲ್ಲ, ಅಷ್ಟು ಕಲ್ಲು ಕೊರೆಯುವುದೂ ಉಳಿಯಿತು.

ಅಣ್ಣನ ಮಗ ಅಲ್ಲೇ ರಾತ್ರಿ ಪಾಳಿಯಲ್ಲಿದ್ದಾನೆ. “ಕಾಕಾ, ಹಗಲಿ ಮಂದಿ ಅಡ್ಡಾಡ್ತಾರ. ರಾತ್ರಿ ಕರೆಂಟ್ ತಗದ ಮ್ಯಾಲೆ ನಾವು ಹಳಿಗುಂಟ ನಡಕೋತ ಎಲ್ಲಾ ನೋಡ್ತೀವ್ರಿ,” ಎನ್ನುತ್ತಾನೆ. ಬೋಲ್ಟು, ಪಂಪು, ಫ್ಯಾನು, ಗೋಡೆಯಲ್ಲಿ ಜಿನುಗಿದ ನೀರು, ಎಲ್ಲವನ್ನೂ ಬೆಳಗಿನ ಮೊದಲ ರೈಲಿಗೆ ಮುನ್ನ ನೋಡಿ ಮುಗಿಸಬೇಕು. ಸುರಂಗ ಕೊರೆದ ಯಂತ್ರಗಳ ಹೆಸರು ಪತ್ರಿಕೆಯಲ್ಲಿ ಬಂದವು. ಸುರಂಗವನ್ನು ದಿನವೂ ಕಾಯುವ ಈ ಮಂದಿಯ ಹೆಸರು ಎಲ್ಲೂ ಬರುವುದಿಲ್ಲ. ಲಕ್ಷಾಂತರ ಜನ ಯೋಚನೆಯಿಲ್ಲದೆ ನೆಲದೊಳಗೆ ಇಳಿದು ಹೋಗುವುದು ಇವರ ಭರವಸೆಯ ಮೇಲೆ.