ಮೂರನೇ ಮಹಡಿಯ ಕಳ್ಳಿ ಕಾಳಗ

ಸುಳಿವು ಕೊಟ್ಟದ್ದು ಇರುವೆ. ಕುಂಡದ ಅಂಚು ಹತ್ತಿ, ಮುಳ್ಳುಗಳ ನಡುವೆ ನುಗ್ಗಿ, ಇಳಿದು, ಮತ್ತೆ ಹತ್ತಿ, ಸಾಲುಗಟ್ಟಿ ಓಡುತ್ತಿದ್ದವು. ಹೂವಿಲ್ಲದ, ಹಣ್ಣಿಲ್ಲದ ಕಳ್ಳಿಯ ಮೇಲೆ ಇರುವೆಗೇನು ಕೆಲಸ? ಅತ್ತಿಗೆ ಪೊರಕೆ ಬಿಸಾಕಿದರು. ಟಾರ್ಚ್ ತಂದರು. ಮೊಣಕಾಲೂರಿ ಕೂತರು.

"ಬಾರೋ ಇಲ್ಲಿ. ಬೆಳಕು ಹಿಡಿ."

ಹಿಡಿದೆ. ಎರಡು ಏಣುಗಳ ನಡುವಿನ ಸಂದಿಯಲ್ಲಿ, ಹಳದಿ ಮುಳ್ಳುಗಳ ಬುಡದಲ್ಲಿ ಒಂದು ಬಿಳಿ ಚುಕ್ಕೆ. ಪಕ್ಕದ ಸಂದಿಯಲ್ಲಿ ಇನ್ನೊಂದು. ಅದರಾಚೆ ನಾಲ್ಕೈದು. ನೋಡನೋಡುತ್ತಿದ್ದಂತೆ ಒಂದು ಚುಕ್ಕೆ ನಡೆಯಿತು.

ಅತ್ತಿಗೆಯ ಬ್ಯಾರೆಲ್ ಕಳ್ಳಿ ಸಾಮಾನ್ಯ ಜೀವಿಯಲ್ಲ. ಅದರ ಕುಲದ ತವರು ಮೆಕ್ಸಿಕೋದ ಕೆರೆಟಾರೊ ಸೀಮೆಯ ಕಡಿದಾದ ಕಣಿವೆಗಳು. ಸುಡುವ ಬಿಸಿಲು ನುಂಗಿದೆ, ತಿಂಗಳುಗಟ್ಟಲೆ ಬರ ಜೀರ್ಣಿಸಿಕೊಂಡಿದೆ. 1990ರ ದಶಕದಲ್ಲಿ ಸಿಮಪಾನ್ ಅಣೆಕಟ್ಟಿನ ನೀರು ಏರಿ ಆ ಕಣಿವೆಯ ದೊಡ್ಡ ಭಾಗವನ್ನೇ ಮುಳುಗಿಸಿತು. ಆದರೂ ಈ ಕುಲ ಜಗತ್ತಿನ ಕುಂಡಗಳಲ್ಲೆಲ್ಲ ಬದುಕಿಕೊಂಡಿತು. ಅಂಥ ಗಟ್ಟಿಪಿಂಡದ ಮೇಲೆ, ರಾಜಾಜಿನಗರದ ಬಾಲ್ಕನಿಯಲ್ಲಿ, 3 ಮಿಲಿಮೀಟರ್ ಉದ್ದದ ಹುಳು ದಂಡೆತ್ತಿ ಬಂದಿತ್ತು.

ಹಿಟ್ಟು ತಿಗಣೆ! ಹೆಣ್ಣಿಗೆ ರೆಕ್ಕೆಯಿಲ್ಲ, ಬೇಕಾಗಿಯೂ ಇಲ್ಲ. ಸೂಜಿಬಾಯಿ ಚುಚ್ಚುತ್ತದೆ, ರಸ ಹೀರುತ್ತದೆ, ಮೈಮೇಲೆ ಮೇಣದ ಪುಡಿ ಹೊದೆಯುತ್ತದೆ. ಮೇಲೆ ಸುರಿದ ನೀರು ಜಾರಿಹೋಗುತ್ತದೆ. ಹೀರಿ ಹೆಚ್ಚಾದ ಸಿಹಿಯನ್ನು ಹಿಂದಿನಿಂದ ಚಿಮ್ಮಿಸುತ್ತದೆ. ಇರುವೆ ಅದನ್ನು ನೆಕ್ಕುತ್ತದೆ, ಬದಲಿಗೆ ಕಾವಲು ಕಾಯುತ್ತದೆ. ಸಾಯುವ ಮೊದಲು ಒಂದೊಂದು ಹೆಣ್ಣೂ ಮೇಣದ ಚೀಲದಲ್ಲಿ ನೂರಾರು ಮೊಟ್ಟೆ ಇಟ್ಟು ಹೋಗುತ್ತದೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟರಲ್ಲಿ ಮರಿ ಹೊರಬರುತ್ತದೆ.

ಗಡಿಯಾರ ಆಗಲೇ ಓಡುತ್ತಿತ್ತು.

ಶಸ್ತ್ರಾಗಾರ ತೆರೆಯಿತು. ಮೆಡಿಕಲ್ ಸ್ಟೋರಿನ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್. ಇಯರ್ ಬಡ್. ಚಿಮುಟ. ಹಳೆಯ ಟೂತ್ ಬ್ರಷ್. 70 ಯಾಕೆ? 99 ಆದರೆ ತಾಗುವ ಮೊದಲೇ ಆವಿಯಾಗಿ ಹಾರುತ್ತದೆ. 70 ನಿಂತು ಕೊಲ್ಲುತ್ತದೆ. ಮೇಣ ಕರಗಿಸುತ್ತದೆ, ಮೈ ಒಣಗಿಸುತ್ತದೆ. ಅತ್ತಿಗೆ ಮೊದಲ ದಿನ ಬುಡದ ಒಂದು ಮೂಲೆಗಷ್ಟೇ ಸವರಿ ನೋಡಿದರು. ಮರುದಿನ ಸಿಪ್ಪೆ ಕಪ್ಪಾಗಿರಲಿಲ್ಲ. ಬಿಸಿಲು ಇಳಿಯುವವರೆಗೆ ಕಾದರು, ಯಾಕೆಂದರೆ ಸ್ಪಿರಿಟ್ ಹಸಿಯಿರುವಾಗ ಬಿಸಿಲು ಬಿದ್ದರೆ ಕಳ್ಳಿಯ ಮೈ ಸುಡುತ್ತದೆ. ಆಮೇಲೆ ಶುರು.

ಒತ್ತು. ತಿರುಗಿಸು. ತೆಗೆ. ಮುಂದಿನ ಸಂದಿ. ಬಿಳಿ ಚುಕ್ಕೆ ಕಂದು ಬಣ್ಣಕ್ಕೆ ತಿರುಗಿತು ಎಂದರೆ ಮೇಣ ಹೋಯಿತು, ಹುಳು ಸತ್ತಿತು. ಮುಳ್ಳೊಂದು ಬೆರಳಿಗೆ ಇಳಿಯಿತು. ಅತ್ತಿಗೆ ಕಿತ್ತರು, ರಕ್ತ ಒರೆಸಿದರು, ಮುಂದಿನ ಸಂದಿಗೆ ಹೋದರು. ಬಡ್ ತಲುಪದ ಕಡೆಗೆ ಸ್ಪ್ರೇ ಬಾಟಲಿ. ಬಾಲ್ಕನಿ ತುಂಬ ಸ್ಪಿರಿಟ್ ಹಬೆ.

ಆಗ ಬಾಗಿಲಲ್ಲಿ ಅಮ್ಮ. ಕೈಯಲ್ಲಿ ತುಳಸಿಗೆ ಹಚ್ಚಿದ ದೀಪ.

"ಅತ್ತೆ, ಅಲ್ಲೇ ನಿಲ್ಲಿ! ಒಳಗೆ ಹೋಗಿ!"

ಅಮ್ಮ ನಿಂತರು. ಎರಡೇ ಹೆಜ್ಜೆಯ ಅಂತರ. ಆ ಸಂಜೆ ತುಳಸಿಗೆ ದೀಪ ತಡವಾಯಿತು, ಅಮ್ಮ ರಾತ್ರಿಯವರೆಗೂ ಗೊಣಗಿದರು. ಮನೆ ಉಳಿಯಿತು.

ಒಂದು ವಾರ ಕಳೆದು ನೋಡಿದರೆ ಮರಿಗಳು ಹೊರಟಿದ್ದವು. ಅತ್ತಿಗೆ ಇದಕ್ಕೇ ಕಾದು ಕೂತಿದ್ದರು. ಮೊಟ್ಟೆಗೆ ಸ್ಪಿರಿಟ್ ಮುಟ್ಟದಿರಬಹುದು. ಆದರೆ ಮೇಣ ಕಟ್ಟಿಕೊಳ್ಳುವ ಮೊದಲಿನ ಮರಿಯಷ್ಟು ಬಡಪಾಯಿ ಶತ್ರು ಇನ್ನಿಲ್ಲ. ಒಂದು ಲೀಟರ್ ನೀರು, 5 ಮಿಲಿಲೀಟರ್ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ಕೆಲವು ಹನಿ ಸೋಪು. ಸಿಂಪಡಿಸಿದರು. ವಾರ ಬಿಟ್ಟು ಮತ್ತೆ. ಇನ್ನೊಂದು ವಾರಕ್ಕೆ ಮತ್ತೆ. ಹುಳುವೇ ಕಾಣದ ದಿನವೂ ಸಿಂಪಡಿಸಿದರು. ಈ ಕಾಳಗದಲ್ಲಿ ಸೋಲುವವರೆಲ್ಲ ಸೋಲುವುದು ಅಂಥ ದಿನವೇ.

ಮೈ ಶುಭ್ರವಾಯಿತು. ಗಿಡ ಮಾತ್ರ ಚೇತರಿಸಿಕೊಳ್ಳಲಿಲ್ಲ. ನೀರು ಕೊಟ್ಟರೂ ಊದಲಿಲ್ಲ, ತುದಿಯಲ್ಲಿ ಹೊಸ ಮುಳ್ಳು ಬರಲಿಲ್ಲ. ಅತ್ತಿಗೆ ಕುಂಡವನ್ನು ದಿಟ್ಟಿಸಿದರು.

"ಕೆಳಗಡೆ ಇದಾವೆ ಕಣೋ."

ಈಗ ಮಹಾಸಾಹಸ. ಒಂದು ಅಡಿ ಅಗಲದ ಮುಳ್ಳಿನ ಗುಂಡನ್ನು ಕುಂಡದಿಂದ ಎಬ್ಬಿಸಬೇಕು. ಕೈಗವಸು ಸಾಲದು, ಮುಳ್ಳು ಅದನ್ನೂ ತೂರುತ್ತದೆ. ಹಳೆಯ ಪೇಪರುಗಳನ್ನು ಮಡಚಿ, ಮತ್ತೆ ಮಡಚಿ, ಪಟ್ಟಿ ಮಾಡಿ ಗಿಡದ ಸೊಂಟಕ್ಕೆ ಸುತ್ತಿದೆವು. ಕುಂಡ ಮಲಗಿಸಿದೆವು. ಸುತ್ತ ತಟ್ಟಿದೆವು. ನಾನು ಕುಂಡ ಹಿಡಿದೆ, ಅತ್ತಿಗೆ ಪಟ್ಟಿ ಎಳೆದರು. ಅಲುಗಲಿಲ್ಲ. ಮತ್ತೆ ಎಳೆದರು. ಪೇಪರ್ ಚರ್ರೆಂದು ಹರಿಯತೊಡಗಿತು, ಗಿಡ ಅತ್ತಿಗೆಯ ಬರಿಗಾಲಿನತ್ತ ಉರುಳಿತು, ಕಾಲು ಹಿಂದಕ್ಕೆ ಹಾರಿತು, ಗಿಡ ಕೆಳಗೆ ಹಾಸಿದ್ದ ಥರ್ಮಾಕೋಲಿನ ಮೇಲೆ ಧೊಪ್ಪೆಂದು ಕೂತಿತು.

ಕುಂಡದ ಒಳಗೋಡೆ ತುಂಬ ಬಿಳಿ ಪುಡಿ. ಬೇರಿನ ಸಂದುಗೊಂದುಗಳಲ್ಲಿ ನುಚ್ಚಕ್ಕಿ ಚೆಲ್ಲಿದಂತೆ ಹುಳು. ಬೇರಿನ ಹಿಟ್ಟು ತಿಗಣೆ! ಮೇಲಿನದರ ನೆಂಟ, ಬೆಳಕಿಗೆ ಮುಖ ತೋರದ ದಾಯಾದಿ.

ಅಂಗಡಿಯವ ಇದಕ್ಕೆ ಇಮಿಡಾಕ್ಲೋಪ್ರಿಡ್ ತೋರಿಸಿದ್ದ. ಬೇರಿನಿಂದ ರಸಕ್ಕೇರಿ, ಹೀರುವ ಹುಳುವನ್ನು ಒಳಗಿನಿಂದಲೇ ಕೊಲ್ಲುವ ಮದ್ದು. ಆದರೆ ಜೇನಿಗೂ ಅದು ವಿಷ, ದಿನಾ ಎಲೆ ಕಿತ್ತು ಬಾಯಿಗೆ ಹಾಕುವ ತುಳಸಿ ಪಕ್ಕದಲ್ಲೇ ಇದೆ. ಅತ್ತಿಗೆ ಶೀಶೆಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಸರಿಯಾಗಿಯೇ ಮಾಡಿದ್ದರು.

ಹಳೇ ಮಣ್ಣನ್ನು ಕವರಿಗೆ ತುಂಬಿ ಗಂಟು ಹಾಕಿದರು. ಬೇರನ್ನು ನಲ್ಲಿಯ ಕೆಳಗೆ ಹಿಡಿದು ಕೊನೆಯ ಕಣದವರೆಗೂ ತೊಳೆದರು. ಸ್ಪಿರಿಟ್ಟಿನಲ್ಲಿ ಅದ್ದಿದ ಕತ್ತರಿಯಿಂದ ಸತ್ತ ಬೇರು ಕತ್ತರಿಸಿದರು. ಕುಂಡಕ್ಕೆ ಕುದಿನೀರು ಸುರಿದು ಉಜ್ಜಿದರು. ಬೇರೆ ಗಿಡವಾದರೆ ಕೂಡಲೇ ನೆಟ್ಟು ನೀರು ಹಾಕಬೇಕು. ಕಳ್ಳಿಗೆ ಹಾಗೆ ಮಾಡಿದರೆ ಗಾಯದಿಂದ ಕೊಳೆ ನುಗ್ಗಿ ಗಿಡ ಸಾಯುತ್ತದೆ. ಬೆತ್ತಲೆ ಬೇರಿನ ಗಿಡ ನೆರಳಿನಲ್ಲಿ ಒಂದು ವಾರ ಬಿದ್ದುಕೊಂಡಿತ್ತು. ಆಮೇಲೆ ಅರ್ಧ ದಪ್ಪ ಮರಳು, ಅರ್ಧ ಗೊಬ್ಬರಮಣ್ಣು. ಇನ್ನೊಂದು ವಾರ ತೊಟ್ಟು ನೀರಿಲ್ಲ.

ಅಷ್ಟರಲ್ಲಿ ಬಾಲ್ಕನಿಯ ಇನ್ನೊಂದು ತುದಿಯಲ್ಲಿ ಪಾಪಾಸುಕಳ್ಳಿಯ ಮೇಲೂ ಬಿಳಿ! ಅತ್ತಿಗೆ ಬಡ್ ಒತ್ತಿದರು. ಬಡ್ ಕಡುಕೆಂಪಾಯಿತು.

ರಕ್ತವಲ್ಲ, ಬಣ್ಣ. ಇದು ಕೊಚಿನೀಲ್ ಕುಲದ ಹುಳು. ಮೆಕ್ಸಿಕೋದ ಕೊಚಿನೀಲ್ ಯುರೋಪಿನ ಬಟ್ಟೆಗೆ ಕೆಂಪು ಹಚ್ಚಿ ಸ್ಪೇನಿಗೆ ಹಣದ ಹೊಳೆ ಹರಿಸಿತ್ತು. ಅದರ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಹುಳು ಬಂತು. ಬಂದದ್ದು ತಪ್ಪು ಜಾತಿ! ಬಣ್ಣ ಕಳಪೆ, ಹಸಿವು ಭೀಕರ, ಕಳ್ಳಿಮೆಳೆಗಳನ್ನೇ ಮುಕ್ಕಿತು. 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯನ್ನು ಬೇಕೆಂದೇ ತಂದು ಬಿಟ್ಟರು. ದಕ್ಷಿಣದ ಹೊಲ, ಗೋಮಾಳ ನುಂಗಿದ್ದ ಪಾಪಾಸುಕಳ್ಳಿ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಹೊಲದಲ್ಲಿ ರೈತನನ್ನು ಉಳಿಸಿದ ಹುಳುವಿನ ವಂಶವೇ ಈಗ ಕುಂಡದಲ್ಲಿ ಕೂತಿತ್ತು.

ಹೆಚ್ಚು ಮುತ್ತಿದ ಹಾಳೆಗಳನ್ನು ಅತ್ತಿಗೆ ಕೊಯ್ದರು. ಉಳಿದವಕ್ಕೆ ಜೋರು ನೀರು ಹೊಡೆದರು. ಸ್ಪಿರಿಟ್ ಎತ್ತಿಕೊಂಡರು. ಕೈ ಅರ್ಧದಲ್ಲೇ ನಿಂತಿತು.

ಒಂದು ಬಿಳಿ ಹುಳು ಓಡುತ್ತಿತ್ತು. ಮೈತುಂಬ ಮೇಣದ ಎಳೆ, ಆದರೆ ಉಳಿದವುಗಳ ಮೂರರಷ್ಟು ಉದ್ದ. ಓಡಿತು, ಕೊಚಿನೀಲ್ ಮೇಲೆ ಬಿತ್ತು, ತಿನ್ನತೊಡಗಿತು. ಕ್ರಿಪ್ಟೊಲೀಮಸ್, ಗುಲಗಂಜಿ ಹುಳುವಿನ ಮರಿ! ಆಸ್ಟ್ರೇಲಿಯಾದ ಈ ಬೇಟೆಗಾರನನ್ನು ಕಾಫಿಯ ಹಸಿರು ತಿಗಣೆ ಕೊಲ್ಲಲೆಂದು 1898ರಲ್ಲಿ ಭಾರತಕ್ಕೆ ತಂದಿದ್ದರು. ಹಿಟ್ಟು ತಿಗಣೆಗೆ ಇಂದು ಕಾಫಿ, ದ್ರಾಕ್ಷಿ ತೋಟಗಳಲ್ಲಿ ಇದನ್ನೇ ಬಿಡುತ್ತಾರೆ. ಬೇಟೆಯ ವೇಷದಲ್ಲೇ ಬೇಟೆಯಾಡುವುದರಿಂದ ಎಷ್ಟು ಮನೆಗಳಲ್ಲಿ ಹುಳುವೆಂದು ಹೊಸಕಿಸಿಕೊಂಡಿದೆಯೋ!

ಸ್ಪಿರಿಟ್ ಕೆಳಗಿಳಿಯಿತು. ಬೇವೂ ಬಂದ್. ಅತ್ತಿಗೆ ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಕೂರಿಸಿದರು. ಇರುವೆಯ ದಾರಿ ಕಡಿಯಿತು, ಕಾವಲು ಮುರಿಯಿತು. ಉಳಿದ ಕೆಲಸ ಆ ಮರಿ ಮಾಡಿತು.

ಬ್ಯಾರೆಲ್ ಕಳ್ಳಿಯ ನೆತ್ತಿಯಲ್ಲಿ ಈಗ ಹೊಸ ಹಳದಿ ಮುಳ್ಳು ಮೂಡಿದೆ. ನೀವು ನರ್ಸರಿಯಿಂದ ಹೊಸ ಕಳ್ಳಿ ತಂದರೆ ಒಂದು ತಿಂಗಳು ಉಳಿದ ಕುಂಡಗಳಿಂದ ದೂರ ಇಡಿ. ಮೊದಲ ದಿನವೇ ಕುಂಡ ಕಳಚಿ ಬೇರು ನೋಡಿ. ಬಿಳಿ ಪುಡಿ ಕಂಡರೆ ಆ ಮಣ್ಣನ್ನು ಕಟ್ಟಿ ಎಸೆಯಿರಿ, ಇನ್ನೊಂದು ಗಿಡಕ್ಕೆ ಮಾತ್ರ ಹಾಕಬೇಡಿ.