ಕಾಲುವೆ ನೀರು ಮನೆಗೆ ಬಂದ ರಾತ್ರಿ

ನಾನು ಪತ್ತೇದಾರಿ ಕಾದಂಬರಿ ಬರೆಯುವವನು. ಬೆಂಗಳೂರಿನ ಕುರುಬರಹಳ್ಳಿಯ ತಗ್ಗಿನ ಬೀದಿಯಲ್ಲಿ, ನೆಲಮಹಡಿಯ ಬಾಡಿಗೆ ಮನೆ. ಭಾನುವಾರ ಹಾಲ್‌ನಲ್ಲಿ ಚಾಪೆ ಹಾಸಿ ಹುಡುಗರಿಗೆ ಕತೆ ಬರೆಯುವುದನ್ನು ಹೇಳಿಕೊಡುತ್ತೇನೆ. ಈ ಕಸುಬಿನ ಆಸೆ ಹತ್ತಿಸಿದವರು ಎನ್. ನರಸಿಂಹಯ್ಯನವರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬಂತು, ಆಮೇಲೆ ನೂರಾರು ಕಾದಂಬರಿ. ಸರ್ಕ್ಯುಲೇಟಿಂಗ್ ಲೈಬ್ರರಿಗಳು ಮುಚ್ಚಿದಾಗ ತೂಕಕ್ಕೆ ಹೋಗುತ್ತಿದ್ದ ಅವರ ಪುಸ್ತಕಗಳನ್ನು ತಂದು ಕೂಡಿಟ್ಟಿದ್ದೆ.

2017ರ ಅಕ್ಟೋಬರ್ 13, ಶುಕ್ರವಾರ. ಸಂಜೆ ಮಳೆ ಹಿಡಿಯಿತು. ಆಗಸ್ಟ್‌ನಿಂದಲೂ ಮಳೆ ಇದ್ದೇ ಇತ್ತು, ಹೆದರಲಿಲ್ಲ. ಮೊದಲು ಬಚ್ಚಲಿನಿಂದ ನೀರು ಮೇಲಕ್ಕೆ ಬಂತು. ಗೋಣಿಚೀಲ ತುರುಕಿದೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದಲೂ ಬಂತು. ರಾಜಕಾಲುವೆ ಉಕ್ಕಿತ್ತು. ಕರೆಂಟು ಹೋಯಿತು. ಹೆಂಡತಿಗೆ ಮಂಡಿನೋವು. ಬಾಗಿಲು ತೆಗೆದರೆ ಇನ್ನಷ್ಟು ನುಗ್ಗುತ್ತದೆ, ತೆಗೆಯದಿದ್ದರೆ ನಾವು ಒಳಗೇ. ತೆಗೆದೆ. ನೀರು ಸೊಂಟಕ್ಕೆ ಬಂತು. ಇಲ್ಲೇ ಮುಗಿಯಿತು ಅನ್ನಿಸಿತು.

ಮಹಡಿ ಮನೆಯ ಹುಡುಗ ಟಾರ್ಚ್ ಹಿಡಿದು ಇಳಿದ. ನನ್ನ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ನೀರಿನ ಮೋಟರ್ ವಿಷಯ ಬಿಟ್ಟರೆ ಅವನೊಂದಿಗೆ ನಾನು ಮಾತಾಡಿದ್ದೇ ಇಲ್ಲ. ಅವನ ತಾಯಿ ಒಣ ಸೀರೆ, ಕಾಫಿ ಕೊಟ್ಟರು. ಕೆಳಗೆ ನಮ್ಮ ಗ್ಯಾಸ್ ಸಿಲಿಂಡರ್ ಗೋಡೆಗೆ ಬಡಿಯುವುದು ರಾತ್ರಿಯಿಡೀ ಕೇಳಿಸಿತು.

ಬೆಳಿಗ್ಗೆ ಸುದ್ದಿ ತಿಳಿಯಿತು. ಕುರುಬರಹಳ್ಳಿಯಲ್ಲೇ ಮನೆ ಗೋಡೆ ಕುಸಿದು ಗಂಡ ಹೆಂಡತಿ ಸತ್ತಿದ್ದರು. ದೇವಸ್ಥಾನದ ಅರ್ಚಕರು ಕಾಲುವೆಯಲ್ಲಿ ಕೊಚ್ಚಿಹೋಗಿದ್ದರು. ತಾಯಿ, ಮಗಳು ಇಬ್ಬರೂ ಹಾಗೆಯೇ. ಐದು ಜನ. ಈ ನೀರೆಲ್ಲ ವೃಷಭಾವತಿ ನದಿಗೆ ಸೇರುತ್ತದೆ. ಹುಡುಕುವವರು ಕಾಲುವೆ ಹಿಡಿದು ಹೋದರು. ಹುಡುಕಾಟ ದಿನಗಟ್ಟಲೆ ನಡೆಯಿತು.

ಮನೆಯೊಳಗೆ ಕೆಸರು. ನರಸಿಂಹಯ್ಯನವರ ಪುಸ್ತಕಗಳು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ನಾನು ಕೈಯಲ್ಲಿ ಬರೆದಿದ್ದ ಕಾದಂಬರಿಯ ಹಾಳೆಗಳಲ್ಲಿ ಶಾಯಿ ಉಳಿದಿರಲಿಲ್ಲ. ಪಕ್ಕದ ಬೀದಿಗಳಲ್ಲಿ ಸಾವಾಗಿತ್ತು, ನನಗೆ ಪುಸ್ತಕ ನೋಡಿ ಅಳು ಬಂತು. ಎರಡಕ್ಕೂ ಅತ್ತೆನೋ ಏನೋ, ಬೇರೆ ಮಾಡಿ ಹೇಳಲಾರೆ. ಭಾನುವಾರ ಹುಡುಗರು ಪೊರಕೆ, ಫಿನಾಯಿಲ್ ತಂದರು. ಕೆಸರು ಬಳಿದು ಹಾಕಿದರು. ಅಟ್ಟದ ಮೇಲಿದ್ದ ಅವರ ನೋಟ್‌ಪುಸ್ತಕಗಳು ಒಂದೂ ನೆನೆದಿರಲಿಲ್ಲ.

ಹಾಳಾದ ಕಾದಂಬರಿ ಶುರುವಾಗುತ್ತಿದ್ದುದು ಕಾಲುವೆಯಲ್ಲಿ ಹೆಣ ಸಿಗುವುದರಿಂದ. ಮತ್ತೆ ಬರೆಯಲು ಕೂತೆ, ಆಗಲಿಲ್ಲ. ನಮ್ಮ ಕತೆಗಳಲ್ಲಿ ಹೆಣ ಮೊದಲ ಪುಟದಲ್ಲೇ ಸಿಕ್ಕಿಬಿಡುತ್ತದೆ. ಇಲ್ಲಿ ಕೊಚ್ಚಿಹೋದವರ ಮನೆಯವರು ಕಾಲುವೆ ದಡದಲ್ಲಿ ನಿಂತು ಕಾದಿದ್ದರು. ಬಹಳ ಕಾಲ ಏನೂ ಬರೆಯಲಿಲ್ಲ. ಪ್ರಕಾಶಕರಿಂದ ತೆಗೆದುಕೊಂಡಿದ್ದ ಮುಂಗಡ ವಾಪಸು ಕೊಟ್ಟೆ. ಪಾಠದಿಂದ ಬರುವಷ್ಟರಲ್ಲಿ ಬದುಕಿದೆವು. ಆಮೇಲೆ ಬರೆದದ್ದು ಕಾಯುವವರ ಕಡೆಯಿಂದ. ಅದರಲ್ಲಿ ಪತ್ತೇದಾರ ಬರುವುದು ತಡವಾಗಿ.

ಈಗ ಹುಡುಗರು ಕೊಲೆಯ ಕತೆ ತಂದರೆ, ಆ ದಿನ ಸತ್ತವನ ಮನೆಯಲ್ಲಿ ಒಲೆ ಹಚ್ಚಿದವರು ಯಾರು ಎಂದು ಕೇಳುತ್ತೇನೆ. ಮುಂದಿನ ವಾರ ಬರೆದುಕೊಂಡು ಬರುತ್ತಾರೆ. ಜೋರು ಮಳೆ ಬಂದ ರಾತ್ರಿ ನಾವಿಬ್ಬರೂ ಮಲಗುವುದಿಲ್ಲ. ಎತ್ತರದ ಬೀದಿಯಲ್ಲಿ ಮನೆ ನೋಡಿದ್ದೇವೆ, ಅಡ್ವಾನ್ಸಿಗೆ ಹಣ ಇನ್ನೂ ಕೂಡಿಲ್ಲ.